ಆರರ ಒಬ್ಬೆ

ಮನುಷ್ಯನ ಗುಂಗನ್ನು ಅಳೆಯಬಹುದು ಎಂದು ಇಪ್ಪತ್ತು ವರ್ಷಗಳ ಹಿಂದೆ ಯಾರಾದರೂ ಹೇಳಿದ್ದರೆ, ಹಿರಿಯೂರಿನ ಜನ ಅವರನ್ನು ನೆರಳಿನಲ್ಲಿ ಕೂರಿಸಿ, ತಲೆಗೆ ತಣ್ಣೀರು ತಟ್ಟಿ, ಮನೆಯವರಿಗೆ ಫೋನು ಮಾಡುತ್ತಿದ್ದರು. ಈಗ ಅದೇ ಊರಿನಲ್ಲಿ ದರ್ಜಿಯಿಂದ ಹಿಡಿದು ತಹಶೀಲ್ದಾರರವರೆಗೆ, ಹಣೆಗೆ ಗುಂಗುಪಟ್ಟಿ ಕಟ್ಟದವರನ್ನು ಹುಡುಕಿ ತೆಗೆಯಬೇಕು.

ವಿಷಯ ಸರಳ. ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಕೈ ಹಾಕಿದರೆ ಕೈಯೇನೋ ಬರುತ್ತದೆ, ಮನಸ್ಸು ಬರುವುದಿಲ್ಲ. ಅದರ ಅರ್ಧ ಪಾಲು ಹಿಂದಿನ ಕೆಲಸದ ಬಾಗಿಲಲ್ಲೇ ನಿಂತು ಇಣುಕುತ್ತಿರುತ್ತದೆ. ಹೀಗೆ ಹಿಂದುಳಿದ ಪಾಲಿಗೆ ನಮ್ಮವರು ಎಂದೋ ಗುಂಗು ಎಂದು ಹೆಸರಿಟ್ಟಿದ್ದರು. ಅದನ್ನು ಅಳೆಯುವ ಪಟ್ಟಿ ಮಾಡಿದವರು ಡಾಕ್ಟರ್ ನಜ್ಮಾ. ಎರಡು ಬೆರಳಗಲದ ಬಟ್ಟೆ, ಅದರ ಒಳಮೈಗೆ ಸಾಸಿವೆ ಕಾಳಿನಷ್ಟು ಗಾತ್ರದ ಮೂವತ್ತೆರಡು ಸಂವೇದಕಗಳು. ಮಿದುಳಿನ ಅಲೆಗಳಲ್ಲಿ ಹಿಂದಿನ ಕೆಲಸದ ಗುರುತು ಇನ್ನೂ ಎಷ್ಟು ಉಳಿದಿದೆ ಎಂದು ಅವು ಲೆಕ್ಕ ಹಾಕುತ್ತವೆ. ಹಣೆಯ ನಡುವಿನ ದೀಪ ಕೆಂಪಗಿದ್ದರೆ ಆಸಾಮಿ ಇನ್ನೂ ಇಲ್ಲಿಗೆ ಬಂದಿಲ್ಲ ಎಂದರ್ಥ. ಹಸಿರಾದರೆ ಪೂರ್ತಿ ಬಂದಿದ್ದಾನೆ. ಅದದನ್ನೇ ಮಾಡಿ ಮಾಡಿ ಮನಸ್ಸು ತೂಕಡಿಸತೊಡಗಿದರೆ ದೀಪ ನೀಲಿಯಾಗುತ್ತದೆ, ಅದಕ್ಕೆ ಜೋಂಪು ಎಂದು ಹೆಸರು. ತಮಾಷೆಯೆಂದರೆ ನಮ್ಮ ಹಣೆಯ ದೀಪ ನಮಗೆ ಕಾಣುವುದಿಲ್ಲ. ಎದುರಿನವರು ನೋಡಿ ಹೇಳಬೇಕು.

ಒಂದು ಬಗೆಯ ಕೆಲಸದಿಂದ ಇನ್ನೊಂದು ಬಗೆಗೆ ಹೊರಳಿದಾಗಲೆಲ್ಲ ದೀಪ ಮೂರು ನಿಮಿಷ ಕೆಂಪಗಿರುವುದನ್ನು ಕಂಡ ಮೇಲೆ ಊರಿನ ನಡೆಯೇ ಬದಲಾಯಿತು. ಒಂದು ರವಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಹೊಲಿದು ಇನ್ನೊಂದಕ್ಕೆ ಕೈ ಹಾಕುತ್ತಿದ್ದ ದರ್ಜಿ ಈಗ ಬೆಳಿಗ್ಗೆಯೆಲ್ಲ ಕತ್ತರಿ, ಮಧ್ಯಾಹ್ನ ಹೊಲಿಗೆ, ಸಂಜೆ ಬರೀ ಹುಕ್ಕು ಎಂದು ವಿಂಗಡಿಸಿಕೊಂಡು ಎರಡರಷ್ಟು ಬಟ್ಟೆ ಹೊಲಿಯತೊಡಗಿದ. ತಾಲ್ಲೂಕು ಕಚೇರಿಯಲ್ಲಿ ಸೋಮವಾರ ಖಾತೆ, ಮಂಗಳವಾರ ಪಿಂಚಣಿ ಎಂದಾಯಿತು. ಅರ್ಜಿ ಕೊಟ್ಟ ವಾರದಲ್ಲೇ ಕಾಗದ ಕೈಗೆ ಬಂದಾಗ ಜನ ಅದು ನಕಲಿಯಿರಬೇಕೆಂದು ಬೆಳಕಿಗೆ ಹಿಡಿದು ನೋಡಿದರು. ಅತಿ ಮಾಡಿದವರೂ ಇದ್ದರು. ಓಬಳೇಶನೆಂಬ ತರುಣ ತನ್ನ ಫೋನು ಕರೆಗಳನ್ನೆಲ್ಲ ಒಂದು ಕಂತೆ ಮಾಡಿ, ತಾಯಿಗೆ ಪ್ರತಿ ತಿಂಗಳ ಒಂದನೇ ತಾರೀಖಿಗೆ ಮಾತ್ರ ಫೋನು ಮಾಡತೊಡಗಿದ. ಆ ತಾಯಿ ಎರಡು ತಿಂಗಳು ತಡೆದುಕೊಂಡು ಮೂರನೆಯ ತಿಂಗಳು, "ನಾನೇನು ಸೊಸೈಟಿ ಅಕ್ಕೀನೇನೋ, ತಿಂಗಳಿಗೊಂದ್ಸಲ ಬಂದು ತಗೊಂಡೋಗಕ್ಕೆ?" ಎಂದು ಫೋನು ಕುಕ್ಕಿದಳು. ಅಂದಿನಿಂದ ಅವನು ದಿನಾ ಮಾಡುತ್ತಿದ್ದಾನೆ.

ಈ ಓಬಳೇಶನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದವಳು ರುದ್ರಾಣಿ. ವಯಸ್ಸು ಮೂವತ್ತಾರು. ಅವಳ ಕೆಲಸ ಚಂದ್ರನ ಮೇಲೆ ಗಾಡಿ ಓಡಿಸುವುದು, ಮೈ ಮಾತ್ರ ಹಿರಿಯೂರಿನ ಹೊರಗಿನ ನಿಯಂತ್ರಣ ಕೇಂದ್ರದಲ್ಲಿ. ಚಂದ್ರನ ಮೇಲೊಂದು ಠಾಣೆ, ಅದರಲ್ಲಿ ನಾಲ್ಕು ಜನ. ಅಲ್ಲಿ ಹಗಲೆಂದರೆ ನಮ್ಮ ಹದಿನಾಲ್ಕು ದಿನಕ್ಕೂ ಹೆಚ್ಚು, ರಾತ್ರಿಯೂ ಅಷ್ಟೇ ಉದ್ದ. ರಾತ್ರಿಯ ಚಳಿ ಸೊನ್ನೆಗಿಂತ ನೂರೆಪ್ಪತ್ತು ಡಿಗ್ರಿ ಕೆಳಗೆ. ಆ ಚಳಿಗೆ ಉತ್ತರವಾಗಿ ಇಪ್ಪತ್ತೆರಡು ಕೆಂಡಗಾಡಿಗಳಿದ್ದವು. ಕೆಂಡಗಾಡಿಯೆಂದರೆ ಚಕ್ರದ ಮೇಲೆ ಕೂತ ಒಂದು ದೊಡ್ಡ ಕರಿಗಲ್ಲು. ಹಗಲಿಡೀ ಕನ್ನಡಿಗಳು ಅದರ ಮೇಲೆ ಬಿಸಿಲು ಸುರಿದು ಕೆಂಡದಂತೆ ಕಾಯಿಸುತ್ತವೆ. ಸಂಜೆಯಾಗುವ ಮೊದಲು ಗಾಡಿ ತನ್ನ ಗುಂಡಿಗೆ ಇಳಿದು ಮುಚ್ಚಳ ಮುಚ್ಚಿಕೊಳ್ಳುತ್ತದೆ, ಆಮೇಲೆ ಕೊಳವೆಯ ಮೂಲಕ ಶಾಖ ಠಾಣೆಗೆ ಹೋಗುತ್ತದೆ. ಒಂದು ಗಾಡಿಯ ಶಾಖ ಹದಿನಾರು ಗಂಟೆಗೆ ಬರುತ್ತದೆ, ಇಪ್ಪತ್ತೆರಡರದು ಸರಿಯಾಗಿ ಒಂದು ರಾತ್ರಿಗೆ. ಇದನ್ನೆಲ್ಲ ಗಾಡಿಗಳು ತಾವಾಗಿಯೇ ಮಾಡಿಕೊಳ್ಳುತ್ತಿದ್ದವು. ಎಲ್ಲಾದರೂ ಧೂಳು ಸಿಕ್ಕಿಕೊಂಡರೆ ಕೈಗೆ ನಿಯಂತ್ರಣದ ಕೈಗವಸು ಹಾಕಿಕೊಂಡು ಬಿಡಿಸುವುದು ರುದ್ರಾಣಿಯ ಪಾಲು.

ಠಾಣೆಯ ಮುಖ್ಯಸ್ಥೆ ಲಿಡಿಯಾ ಪಿಂಟೋ ಮಂಗಳೂರಿನವರು. ಅವರು ಚಂದ್ರನ ಮೇಲೆ ಆರು ವರ್ಷ ಕೂತು ಮಾಡಿದ್ದು ಮಣ್ಣು. ನಗಬೇಡಿ. ಅಲ್ಲಿರುವುದು ಧೂಳು, ಗಾಜಿನ ಪುಡಿಯಂಥ ಸತ್ತ ಧೂಳು. ಅದನ್ನು ತೊಳೆದು, ಅಡಿಗೆಮನೆಯ ಕಸ, ಕಕ್ಕಸಿನ ಗೊಬ್ಬರ ಬೆರೆಸಿ, ಭೂಮಿಯಿಂದ ತಂದ ಒಂದು ಹಿಡಿ ಎರೆಹುಳ ಬಿಟ್ಟು, ಮೊದಲ ಎರಡು ವರ್ಷ ಬರೀ ಸೋತು, ಕೊನೆಗೆ ಎಂಟು ಮೊರದಷ್ಟು ಜೀವಂತ ಮಣ್ಣು ಮಾಡಿದ್ದರು. ಅದನ್ನಿಟ್ಟ ಪುಟ್ಟ ಕೋಣೆಗೆ ಮಣ್ಣಿನ ಮನೆ ಎಂದು ಹೆಸರು, ಅಲ್ಲಿ ಬಸಳೆ ಹಬ್ಬಿತ್ತು. ಬಸಳೆ ಹೋದರೆ ಇನ್ನೊಂದು ಕುಡಿ ನೆಡಬಹುದು. ಮಣ್ಣು ಸತ್ತರೆ ಮತ್ತೆ ಆರು ವರ್ಷ. ಆ ಆರು ವರ್ಷವನ್ನು ಇನ್ನೊಮ್ಮೆ ಕೊಡುವವರು ಯಾರೂ ಇಲ್ಲವೆಂದು ಲಿಡಿಯಾಗೂ ಗೊತ್ತಿತ್ತು, ಅವರೊಡನೆ ದಿನಾ ಮಾತಾಡುತ್ತಿದ್ದ ರುದ್ರಾಣಿಗೂ ಗೊತ್ತಿತ್ತು.

ರುದ್ರಾಣಿಯ ಗಂಡ ಪರಮೇಶಿಗೆ ಬಸ್ ನಿಲ್ದಾಣದ ರಸ್ತೆಯಲ್ಲಿ ಇಡ್ಲಿ ಹೋಟೆಲು. ಊರೆಲ್ಲ ಪಟ್ಟಿ ಕಟ್ಟಿದರೂ ಅವನು ಕಟ್ಟಲಿಲ್ಲ. "ನನ್ನ ತಲೇಲಿ ಗುಂಗಿಲ್ಲ, ಹಿಟ್ಟಿದೆ," ಎನ್ನುತ್ತಿದ್ದ. ಒಂದು ಸಂಜೆ ಅವನು ಊಟಕ್ಕೆ ಕೂತು, ತಂಗಿಯನ್ನು ನೋಡಲು ಗಂಡಿನ ಕಡೆಯವರು ಬಂದಿದ್ದನ್ನು, ಅವರು ಮಾತಾಡಿದ್ದನ್ನು, ತಂಗಿ ಮುಖ ಸಣ್ಣ ಮಾಡಿಕೊಂಡಿದ್ದನ್ನು ಒಂದೊಂದಾಗಿ ಹೇಳಿ, "ನೀನೇನಂತೀಯ?" ಎಂದ.

"ಧೂಳು ಜಾಸ್ತಿ ಇದೆ, ನಿಧಾನಕ್ಕೆ ಮುಚ್ಚಿ," ಎಂದಳು ರುದ್ರಾಣಿ.

ಪರಮೇಶಿ ತುತ್ತು ಕೈಯಲ್ಲೇ ಹಿಡಿದು ನೋಡಿದ. ಅವಳಿಗೆ ನಾಚಿಕೆಯಾಯಿತು. ಪಟ್ಟಿ ಕೇಂದ್ರದಲ್ಲೇ ಇದೆ, ಇಲ್ಲದಿದ್ದರೆ ನೀವೇ ದೀಪ ನೋಡಿ ಎಚ್ಚರಿಸುತ್ತಿದ್ದಿರಿ ಎಂದು ಏನೋ ಸಮಜಾಯಿಷಿ ಕೊಟ್ಟಳು.

"ನಿನ್ನ ಹಣೆ ಓದಕ್ಕೆ ನಂಗೆ ದೀಪ ಬೇಕಾಗಿಲ್ಲ ಕಣೆ," ಎಂದು ಅವನು ಮೊದಲಿನಿಂದ ಮತ್ತೆ ಹೇಳಿದ. ಆ ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ಸೌರ ಮಾರುತ ಎದ್ದದ್ದು ಒಂದು ಗುರುವಾರ. ಇಲ್ಲಿ ಬೆಳಗಿನ ಒಂಬತ್ತೂವರೆ. ಚಂದ್ರನ ಆ ಜಾಗದಲ್ಲಿ ಹಗಲು ಮುಗಿಯುತ್ತ ಬಂದಿತ್ತು. ಸೂರ್ಯನಿಂದ ಬಂದ ವಿದ್ಯುತ್ ಕಣಗಳ ಹೊಡೆತಕ್ಕೆ ಇಪ್ಪತ್ತೆರಡೂ ಗಾಡಿಗಳ ಸ್ವಂತ ಬುದ್ಧಿ ಸುಟ್ಟುಹೋಯಿತು. ಚಕ್ರ ತಿರುಗುತ್ತದೆ, ಕೈ ಆಡುತ್ತದೆ, ಆದರೆ ಏನು ಮಾಡಬೇಕೆಂದು ಒಂದಕ್ಕೂ ತಿಳಿಯದು. ಭೂಮಿಯೊಡನೆ ಮಾತಾಡುವ ಎಂಟು ರೇಡಿಯೋ ಸಂಪರ್ಕಗಳಲ್ಲಿ ಏಳು ಸತ್ತು, ಒಂದು ಕೆಮ್ಮುತ್ತ ಉಳಿಯಿತು. ವಿಕಿರಣದ ಭಯಕ್ಕೆ ಠಾಣೆಯವರು ಹೊರಗೆ ಕಾಲಿಡುವಂತಿಲ್ಲ. ಮಧ್ಯಾಹ್ನ ಮೂರೂವರೆಗೆ ಗುಡ್ಡದ ನೆರಳು ಗುಂಡಿಗಳ ಮೇಲೆ ಬೀಳುತ್ತದೆ. ಬಿದ್ದ ಮೇಲೆ ಕ್ಯಾಮೆರಾಗಳಿಗೆ ಏನೂ ಕಾಣುವುದಿಲ್ಲ, ಗಾಡಿಗಳಿಗೆ ಓಡುವ ಶಕ್ತಿಯೂ ಇರುವುದಿಲ್ಲ. ಅಷ್ಟರೊಳಗೆ ಒಂದೇ ಸಂಪರ್ಕದ ಮೇಲೆ, ಒಬ್ಬರೇ, ಕೈಯಾರೆ ಎಲ್ಲ ಗಾಡಿಗಳನ್ನೂ ಮುಚ್ಚಬೇಕಿತ್ತು. ಆ ಕೈ ರುದ್ರಾಣಿಯದೇ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಗಾಡಿಗೆ ಐದು ಕೆಲಸ. ಗುಂಡಿಗೆ ಇಳಿಸುವುದು, ಗುಂಡಿಯ ಅಂಚಿನ ಧೂಳು ಗುಡಿಸುವುದು, ಕೊಳವೆ ಸಿಕ್ಕಿಸುವುದು, ಮುಚ್ಚಳ ಎಳೆಯುವುದು, ಚಿಲಕ ಹಾಕುವುದು. ಒಂದೊಂದಕ್ಕೆ ಎರಡೇ ನಿಮಿಷ ಸಾಕು. ಆದರೆ ಇಳಿಸುವಾಗ ನೋಡಬೇಕಾದದ್ದು ನೂರು ಅಡಿ ದೂರದ ನೆಲ; ಗುಡಿಸುವಾಗ ಮೂಗಿನ ತುದಿಯ ಧೂಳು; ಕೊಳವೆಗೆ ಬೆರಳ ತುದಿಯಲ್ಲಿ ಜೀವ ಇಟ್ಟುಕೊಳ್ಳಬೇಕು. ಪ್ರತಿ ಸಲ ಕ್ಯಾಮೆರಾ ಬೇರೆ, ಕೈಯ ಹಿಡಿತ ಬೇರೆ. ಮಾಡಿದ್ದು ಕಣ್ಣಿಗೆ ಬೀಳಲು ಎರಡೂವರೆ ಸೆಕೆಂಡು ತಡ ಬೇರೆ. ಒಂದೊಂದು ಕೆಲಸ ಬದಲಿಸಿದಾಗಲೂ ಮೂರು ನಿಮಿಷ ಗುಂಗು. ನಿಯಮದ ಪುಸ್ತಕ ಹೇಳುವಂತೆ ಒಂದು ಗಾಡಿ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ಗಾಡಿಗೆ ಇಪ್ಪತ್ತೈದು ನಿಮಿಷ. ಹತ್ತಕ್ಕೆ ಶುರು ಮಾಡಿದರೂ ಇದ್ದ ಹೊತ್ತಿನಲ್ಲಿ ಹದಿಮೂರು ಗಾಡಿ.

ಹದಿಮೂರು ಗಾಡಿಯಲ್ಲಿ ನಾಲ್ಕು ಜನ ಒಂದೇ ಕೋಣೆಯಲ್ಲಿ ಮುದುಡಿಕೊಂಡು ರಾತ್ರಿ ಕಳೆಯಬಹುದಿತ್ತು. ಇನ್ನೊಂದು ಕಡಿಮೆಯಾದರೂ ನಡೆದೀತು. ಮಣ್ಣಿನ ಮನೆಗೆ ಶಾಖ ಉಳಿಯುತ್ತಿರಲಿಲ್ಲ.

ನಿಯಂತ್ರಣ ಕೋಣೆಯ ಹೊಣೆ ಡಾಕ್ಟರ್ ನಜ್ಮಾರದು. ಅವರು ಹಲಗೆಯ ಮೇಲೆ ಲೆಕ್ಕ ಗೀಚಿದರು. "ಇಪ್ಪತ್ತೆರಡನ್ನೂ ಮೊದಲು ಇಳಿಸಿ. ಆಮೇಲೆ ಇಪ್ಪತ್ತೆರಡನ್ನೂ ಗುಡಿಸಿ. ಹೀಗೆ ಮಾಡಿದರೆ ಕೆಲಸ ಬದಲಾಗುವುದು ಐದೇ ಸಲ. ನಾಲ್ಕು ಗಂಟೆಯೊಳಗೆ ಎಲ್ಲ ಮುಗಿಯುತ್ತೆ ರುದ್ರಾಣಿ."

"ಮೇಡಂ, ಆ ಸಂಪರ್ಕ ಯಾವಾಗ ಸಾಯುತ್ತೋ ಗೊತ್ತಿಲ್ಲ," ಎಂದ ಓಬಳೇಶ. "ಎರಡು ಗಂಟೆಗೆ ಕಡಿದು ವಾಪಸ್ ಬರದೆ ಹೋದ್ರೆ? ಇಪ್ಪತ್ತೆರಡೂ ಅರ್ಧಂಬರ್ಧ. ಒಂದೂ ಮುಚ್ಚಿರಲ್ಲ. ಆಗ ಮಣ್ಣಲ್ಲ, ಜನಾನೇ ಹೋಗ್ತಾರೆ."

ಒಂದೊಂದಾಗಿ ಮಾಡಿದರೆ ಮಣ್ಣು ಹೋಗುವುದು ಖಂಡಿತ. ಎಲ್ಲ ಒಟ್ಟಿಗೆ ಮಾಡಿದರೆ ಜನವೇ ಹೋಗಬಹುದು. ಸ್ಪೀಕರಿನಲ್ಲಿ ಲಿಡಿಯಾ ಎಲ್ಲವನ್ನೂ ಕೇಳುತ್ತಿದ್ದರು. "ನಮ್ಮದು ಹೇಗೂ ಆಗ್ತದೆ," ಎಂದರು. "ಹದಿಮೂರು ಮಾಡಿ. ಮಣ್ಣು..." ಎಂದವರು ಅಲ್ಲಿಗೇ ನಿಲ್ಲಿಸಿದರು.

ರುದ್ರಾಣಿ ಆಗಲೇ ಎರಡೂ ಕೈಗೆ ಕೈಗವಸು ತೊಟ್ಟು ಕೂತಿದ್ದಳು. "ಓಬಳೇಶ, ನನ್ನ ಫೋನ್ ತೆಗಿ. ಮನೆಯವರಿಗೆ ಹಚ್ಚು," ಎಂದಳು. ನಜ್ಮಾ ಹುಬ್ಬು ಗಂಟಿಕ್ಕಿದರು. ಓಬಳೇಶ ಫೋನನ್ನು ಅವಳ ಮುಂದೆ ಹಿಡಿದ. ಆ ಕಡೆ ತಟ್ಟೆ ಲೋಟಗಳ ಸದ್ದು, ಬಸ್ಸಿನ ಹಾರನ್ನು.

"ರೀ, ಇಪ್ಪತ್ತೆರಡು ಇದಾವೆ. ಒಂದೊಂದೇ ಬೇಯಿಸಿದ್ರೆ ಹೊತ್ತು ಸಾಲಲ್ಲ. ಎಲ್ಲಾ ಒಟ್ಟಿಗೆ ಇಟ್ರೆ, ಗ್ಯಾಸ್ ಯಾವಾಗ ಹೋಗುತ್ತೋ ಗೊತ್ತಿಲ್ಲ. ಹೋದ್ರೆ ಎಲ್ಲಾ ಹಸಿ. ನೀವಾಗಿದ್ರೆ ಏನ್ ಮಾಡ್ತಿದ್ರಿ?"

"ಇಪ್ಪತ್ತೆರಡು ಇಡ್ಲಿಗೆ ಇಷ್ಟು ಗೋಳಾ? ಆಫೀಸಲ್ಲಿ ಯಾಕೆ ಇಡ್ಲಿ ಮಾಡ್ತಿದೀಯ?"

"ಹೇಳ್ರೀ ಬೇಗ!"

"ಒಬ್ಬೆ ಇಡು ಕಣೆ. ಗ್ಯಾಸ್ ನೆಚ್ಕೊಂಡು ಯಾವನಾದ್ರೂ ಇರೋ ಹಿಟ್ಟನ್ನೆಲ್ಲ ಒಂದೇ ಸಲ ಹುಯ್ತಾನಾ? ಒಂದು ಒಬ್ಬೆ ಇಡು, ಬೆಂದಿದ್ದು ಇಳ್ಸು, ತಟ್ಟೆಗೆ ಹಾಕಿ ಕೊಡು. ಆಮೇಲೆ ಇನ್ನೊಂದು ಒಬ್ಬೆ. ಗ್ಯಾಸ್ ಹೋದ್ರೂ ಅಷ್ಟೊತ್ತಿಗೆ ತಿಂದೋರು ತಿಂದಿರ್ತಾರೆ."

"ಒಬ್ಬೆ ಎಷ್ಟರದ್ದು?"

"ಅದನ್ನ ಪಾತ್ರೆ ಹೇಳುತ್ತೆ, ನಾನಲ್ಲ. ಏಯ್, ಆರು ನಂಬರಿಗೆ ಎರಡು ಕಾಫಿ!" ಎಂದವನೇ ಫೋನಿಟ್ಟ.

ಯಾರೋ ನಕ್ಕರು. ನಜ್ಮಾ ನಗಲಿಲ್ಲ. ಪಾತ್ರೆಯಲ್ಲಿ ಒಂದು ಸಲಕ್ಕೆ ಹಿಡಿಸಿ ಹದವಾಗಿ ಬೇಯುವಷ್ಟಕ್ಕೆ ಒಬ್ಬೆ ಎನ್ನುತ್ತಾರೆಂದು ಅವರಿಗೂ ಗೊತ್ತಿತ್ತು. ಅವರ ಅಮ್ಮ ಕಡುಬು ಬೇಯಿಸುವಾಗ ಹೇಳುತ್ತಿದ್ದ ಮಾತೇ ಅದು. ಹತ್ತು ವರ್ಷ ಗುಂಗು ಅಳೆದೂ ಈ ಮಾತು ತಮಗೆ ನೆನಪಾಗಲಿಲ್ಲವಲ್ಲ ಎಂದು ಅವರಿಗೆ ತಮ್ಮ ಮೇಲೇ ಸಿಟ್ಟು ಬಂತು. ಅವರು ರುದ್ರಾಣಿಯ ಪಟ್ಟಿಯ ನಾಲ್ಕು ತಿಂಗಳ ದಾಖಲೆ ತೆರೆದರು. ಒಂದೇ ಬಗೆಯ ಕೆಲಸ ಸಾಲಾಗಿ ಮಾಡಿದಲ್ಲೆಲ್ಲ ಮೊದಲು ಕೆಂಪು, ಆಮೇಲೆ ಆರನೆಯದರವರೆಗೆ ಅಚ್ಚ ಹಸಿರು. ಏಳನೆಯದಕ್ಕೆ ನೀಲಿ ಇಣುಕುತ್ತಿತ್ತು.

"ಪಾತ್ರೆ ನಿಮ್ಮ ತಲೆ ರುದ್ರಾಣಿ," ಎಂದರು. "ಆರು ಹಿಡಿಸುತ್ತೆ. ಶುರು ಮಾಡಿ."

ಹತ್ತು ಗಂಟೆಗೆ ಮೊದಲ ಒಬ್ಬೆ. ಓಬಳೇಶನ ಕೆಲಸ ಅವಳ ಹಣೆ ನೋಡುವುದು. "ಕೆಂಪು... ಕೆಂಪು... ಹಸಿರು ಅಕ್ಕ, ಹೊರಡಿ." ಮೊದಲ ಗಾಡಿ ಇಳಿಯಿತು, ಎರಡನೆಯದು ಇಳಿಯಿತು. ಮೂರನೆಯದರ ಹೊತ್ತಿಗೆ ರುದ್ರಾಣಿಗೆ ಕೈಗವಸು, ಪರದೆ, ಎರಡೂವರೆ ಸೆಕೆಂಡಿನ ತಡ ಎಲ್ಲ ಮರೆತುಹೋಯಿತು. ನೆಲದ ಇಳಿಜಾರು ಅವಳ ಅಂಗಾಲಿಗೆ ತಿಳಿಯುತ್ತಿತ್ತು. ಚಕ್ರ ಜಾರುವ ಮೊದಲೇ ಕೈ ಅದನ್ನು ತಡೆಯುತ್ತಿತ್ತು. ನುರಿತ ಕೈಯೊಂದು ಒಂದೇ ಕೆಲಸದಲ್ಲಿ ಮುಳುಗಿ ಸಾಗುವುದನ್ನು ನೋಡುವುದು ಎಂಥ ಸುಖ! ಹೆಂಗಸರು ಸಾಲಾಗಿ ಸಸಿ ನಾಟಿ ಮಾಡುವುದನ್ನು ಬದುವಿನ ಮೇಲೆ ನಿಂತು ನೋಡಿದವರಿಗೆ ಅದು ಗೊತ್ತು. ನಜ್ಮಾ ಲೆಕ್ಕದ ಹಾಳೆ ಮರೆತು ಅವಳ ಬೆರಳುಗಳನ್ನೇ ನೋಡುತ್ತ ನಿಂತರು.

ಆರು ಇಳಿದವು, ಆರರ ಧೂಳು ಹೋಯಿತು, ಆರಕ್ಕೂ ಕೊಳವೆ, ಆರಕ್ಕೂ ಮುಚ್ಚಳ, ಆರಕ್ಕೂ ಚಿಲಕ. ಗಂಟೆ ಹನ್ನೊಂದೂ ಕಾಲು. ಎರಡನೆಯ ಒಬ್ಬೆ ಮುಗಿದಾಗ ಹನ್ನೆರಡೂವರೆ.

"ಹನ್ನೆರಡು," ಎಂದರು ಲಿಡಿಯಾ. ಅವರ ಧ್ವನಿ ಸ್ವಲ್ಪ ಒದ್ದೆಯಾಗಿತ್ತು. "ನಾವು ನಾಲ್ಕು ಜನ ಬದುಕಿದ ಹಾಗೆ. ಇನ್ನು ಮಣ್ಣಿನ ಸರದಿ ಮಾರಾಯ್ತಿ."

ಅವರು ಮಾತು ಮುಗಿಸುವಷ್ಟರಲ್ಲಿ ಸಂಪರ್ಕ ಕಡಿಯಿತು.

ಮರಳಿ ಬಂದಾಗ ಒಂದು ಗಂಟೆ ಹತ್ತು ನಿಮಿಷ. ನಲವತ್ತು ನಿಮಿಷ ರುದ್ರಾಣಿ ಕಪ್ಪು ಪರದೆಯ ಮುಂದೆ ನೀರೂ ಕುಡಿಯದೆ ಕೂತಿದ್ದಳು. ಇಪ್ಪತ್ತೆರಡನ್ನೂ ಒಟ್ಟಿಗೆ ಹಿಡಿದಿದ್ದರೆ ಈಗ ಎಲ್ಲ ಗಾಡಿಗಳೂ ಬಾಯಿ ತೆರೆದುಕೊಂಡು ಬಿದ್ದಿರುತ್ತಿದ್ದವು ಎಂದು ಎಲ್ಲರಿಗೂ ಗೊತ್ತಿತ್ತು. ಹತ್ತು ಗಾಡಿ ಉಳಿದಿದ್ದವು, ಎರಡು ಗಂಟೆ ಇಪ್ಪತ್ತು ನಿಮಿಷ ಉಳಿದಿತ್ತು. ಆರು ಮತ್ತು ನಾಲ್ಕು ಎಂ‌ದು ಮಾಡಿದರೆ ಹತ್ತು ನಿಮಿಷ ಮಿಗುತ್ತಿತ್ತು, ಅಷ್ಟೇ.

"ಅಕ್ಕ, ಹತ್ತನ್ನೂ ಒಂದೇ ಒಬ್ಬೆ ಮಾಡಿಬಿಡಾಣ," ಎಂದ ಓಬಳೇಶ. "ಇನ್ನೂ ಕಾಲು ಗಂಟೆ ಉಳಿಯುತ್ತೆ. ಮತ್ತೆ ಕಡಿದ್ರೆ ಬೇಕಾಗುತ್ತೆ."

ನಜ್ಮಾ ಫೋನಿನಲ್ಲಿ ಮೇಲಿನವರಿಗೆ ಉತ್ತರ ಕೊಡುತ್ತಿದ್ದರು. ಬೇಡವೆಂಬ ಮಾತು ರುದ್ರಾಣಿಯ ಬಾಯಿಗೆ ಬಂದಿತ್ತು. ಆದರೆ ಹನ್ನೆರಡು ಗಾಡಿ ಲೀಲಾಜಾಲವಾಗಿ ಮುಚ್ಚಿದ ಕೈಗೆ ಸೊಕ್ಕೂ ಬಂದಿತ್ತು. ಆಯಿತೆಂದು ತಲೆಯಾಡಿಸಿದಳು.

ಹತ್ತು ಗಾಡಿಗಳನ್ನು ಇಳಿಸಿದಾಗ ಏನೂ ಆಗಲಿಲ್ಲ. ಅದೇ ಮೋಸವಾಯಿತು. ಗುಡಿಸುವ ಕೆಲಸ ಶುರುವಾಯಿತು. ಹದಿಮೂರು, ಹದಿನಾಲ್ಕು, ಹದಿನೈದು, ಹದಿನಾರು, ಹದಿನೇಳು, ಹದಿನೆಂಟು. ಪೊರಕೆಯ ತೋಳು ಎಡಕ್ಕೆ, ಬಲಕ್ಕೆ, ಎಡಕ್ಕೆ, ಬಲಕ್ಕೆ. ಹತ್ತೊಂಬತ್ತನೆಯ ಗುಂಡಿಯ ಅಂಚಿನಲ್ಲಿ ಮಾತ್ರ ತೆಂಗಿನಕಾಯಿಯಷ್ಟು ದಪ್ಪದ ಕಲ್ಲೊಂದು ಎದ್ದಿತ್ತು. ಅದು ರುದ್ರಾಣಿಯ ಕಣ್ಣಿಗೆ ಬಿತ್ತು, ಮನಸ್ಸಿಗೆ ಬೀಳಲಿಲ್ಲ. ಕೈ ಬಲಕ್ಕೆ ಹೋಗುವುದು ಹೋಗಿಯೇಬಿಟ್ಟಿತು. ಎರಡೂವರೆ ಸೆಕೆಂಡು ಕಳೆದು ಪರದೆಯ ಮೇಲೆ ಆ ಗಾಡಿಯ ಪೊರಕೆಯ ತೋಳು ಮುರಿದು, ಸದ್ದಿಲ್ಲದೆ, ನಿಧಾನವಾಗಿ ಕೆಳಗೆ ಬಿತ್ತು.

ಓಬಳೇಶ ತಿರುಗಿ ನೋಡಿದ. ಅವಳ ಹಣೆಯ ದೀಪ ಕಡುನೀಲಿಯಾಗಿತ್ತು.

"ನಿಮ್ಮ ಹಣೆ ನೋಡೋದು ಬಿಟ್ಟು ಗಡಿಯಾರ ನೋಡ್ತಾ ಕೂತಿದ್ದೆ ಅಕ್ಕ," ಎಂದ.

"ನಂಗೂ ಗೊತ್ತಿತ್ತಲ್ಲೋ, ಏಳನೇದು ಹಿಡಿಸಲ್ಲ ಅಂತ," ಎಂದಳು ರುದ್ರಾಣಿ. ಅಳು ಬರುತ್ತಿತ್ತು. ಆದರೆ ಅಳುವುದೂ ಒಂದು ಬೇರೆ ಬಗೆಯ ಕೆಲಸ, ಅದಕ್ಕೆ ಹೊರಳಿದರೆ ಹಿಂದಿರುಗಲು ಮತ್ತೆ ಮೂರು ನಿಮಿಷ ಬೇಕು. ಅವಳು ಅದನ್ನು ಆಮೇಲಕ್ಕೆ ಇಟ್ಟುಕೊಂಡಳು. ಹತ್ತೊಂಬತ್ತನ್ನು ಪಕ್ಕಕ್ಕೆ ಬಿಟ್ಟು, ಗುಡಿಸಿದ್ದ ಆರನ್ನು ಮೊದಲು ಮುಗಿಸಿದಳು. ಆಮೇಲೆ ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡು. ಮೂರು ಗಂಟೆ ಹದಿನೆಂಟು ನಿಮಿಷಕ್ಕೆ ಇಪ್ಪತ್ತೊಂದು ಗಾಡಿ ಚಿಲಕ ಹಾಕಿಕೊಂಡು ಮಲಗಿದ್ದವು.

ಹನ್ನೆರಡು ನಿಮಿಷ ಉಳಿದಿತ್ತು. ಕೊನೆಯ ಮೂರರ ಜೊತೆಗೇ ಹತ್ತೊಂಬತ್ತಕ್ಕೂ ಕೊಳವೆ ಸಿಕ್ಕಿಸಿಯಾಗಿತ್ತು. ಗುಡಿಸದ ಅಂಚಿನ ಧೂಳಿನ ಮೇಲೆ ಮುಚ್ಚಳ ಕೂರಲೊಲ್ಲದು. ಅವಳು ಮುಚ್ಚಳವನ್ನು ಎತ್ತಿ ಹಾಕಿದಳು, ಮತ್ತೆ ಎತ್ತಿ ಹಾಕಿದಳು. ಹೆಬ್ಬೆರಳಗಲದ ಸಂದು ಕಿರುಬೆರಳಗಲಕ್ಕೆ ಬಂತು. ಇನ್ನೊಮ್ಮೆ ಎತ್ತುವಷ್ಟರಲ್ಲಿ ಗುಡ್ಡದ ನೆರಳು ಚಾಕುವಿನಲ್ಲಿ ಕೊಯ್ದ ಹಾಗೆ ಬಂದು ಪರದೆಯನ್ನು ಕಪ್ಪು ಮಾಡಿತು.

"ಹತ್ತೊಂಬತ್ತು ಸೋರುತ್ತೆ ಲಿಡಿಯಾ," ಎಂದಳು ರುದ್ರಾಣಿ. "ನನ್ನ ತಪ್ಪು. ಅದರ ಸರದಿ ಬರೋದು ಹನ್ನೆರಡನೇ ದಿನ. ಅಷ್ಟೊತ್ತಿಗೆ ತಣ್ಣಗಾಗಿರುತ್ತೆ."

ಮಾತು ಹೋಗಿ ಉತ್ತರ ಬರುವಷ್ಟು ಹೊತ್ತು ಎಲ್ಲರೂ ಕಾದರು.

"ಅಲ್ಲ ಮಾರಾಯ್ತಿ, ತೂತು ಬಿದ್ದ ಕೊಡದ ನೀರನ್ನು ಯಾರಾದ್ರೂ ಕೊನೆಗೆ ಇಡ್ತಾರಾ?" ಎಂದರು ಲಿಡಿಯಾ. "ಅದನ್ನೇ ಈಗ ಮೊದಲು ಖರ್ಚು ಮಾಡುವ. ಸೋರುವ ಮೊದಲು ನಾವೇ ಕುಡಿದ್ರಾಯ್ತು."

ನಜ್ಮಾ ಲೆಕ್ಕ ಹಾಕಿದರು. ಹಾಗೆ ಮಾಡಿದರೆ ಹತ್ತೊಂಬತ್ತರಿಂದ ಹತ್ತು ಗಂಟೆಯ ಶಾಖ ಸಿಗುತ್ತಿತ್ತು. ಕೊರತೆ ಆರೇ ಗಂಟೆ, ಅದೂ ರಾತ್ರಿಯ ತೀರಾ ಕೊನೆಯಲ್ಲಿ. ಆ ಆರು ಗಂಟೆ ನಾವು ನಾಲ್ಕೂ ಜನ ಮಣ್ಣಿನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಕೂರುತ್ತೇವೆ, ನಮ್ಮ ಮೈ ಬಿಸಿಯೇ ಅದಕ್ಕೆ ಕಂಬಳಿ ಎಂದರು ಲಿಡಿಯಾ. ಆರು ಗಂಟೆಗಿಂತ ಹೆಚ್ಚಾದರೆ ಆ ಪುಟ್ಟ ಕೋಣೆಯ ಗಾಳಿ ಕೆಡುತ್ತದೆ. ಆರು ಗಂಟೆ ಮಣ್ಣಿಗೆ ಸಾಕೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ಚಂದ್ರನ ಮೇಲಿನ ಎರೆಹುಳ ಎಷ್ಟು ಚಳಿ ತಡೆಯುತ್ತದೆಂದು ಹಿಂದೆ ಯಾರೂ ನೋಡಿರಲಿಲ್ಲ.

ಆ ಸಂಜೆ ರುದ್ರಾಣಿ ಮನೆಗೆ ಬಂದು ಪರಮೇಶಿಗೆ ಎಲ್ಲ ಹೇಳಿದಳು. ಮಧ್ಯಾಹ್ನದಿಂದ ಎತ್ತಿಟ್ಟುಕೊಂಡಿದ್ದ ಅಳುವನ್ನೂ ಅತ್ತಳು. ತಾನು ಲೆಕ್ಕ ಹೇಳಿದ ಇಡ್ಲಿಗಳು ಚಂದ್ರನ ಮೇಲಿದ್ದವೆಂದು ತಿಳಿದು ಅವನು ಎದ್ದು ಬಾಗಿಲಾಚೆ ಹೋಗಿ ಒಮ್ಮೆ ಆಕಾಶ ನೋಡಿ ಬಂದ.

"ಮೊದಲೇ ಹೇಳಿದ್ರೆ ಹೆದರಿ ಏನೂ ಹೇಳ್ತಿರ್ಲಿಲ್ಲ ಕಣೆ," ಎಂದ. "ಏಳನೇದು ಯಾಕೆ ಇಟ್ಟೆ?"

"ಆಸೆ."

"ನಾನೂ ಇಟ್ಟಿದೀನಿ. ಗಿರಾಕಿ ಸಾಲು ನಿಂತಾಗ ಒಂದು ತಟ್ಟೆ ಹೆಚ್ಚಿಗೆ ತುರುಕಿ, ಮೇಲಿಂದು ಹಸಿ, ಕೆಳಗಿಂದು ನೀರು. ಎರಡೂ ಚರಂಡಿಗೆ." ಅವನು ಅವಳ ತಲೆ ನೇವರಿಸಿದ. "ಇಪ್ಪತ್ತೊಂದು ಬೆಂದಿದಾವಲ್ಲ. ನಾನಾಗಿದ್ರೆ ಆ ಗಾಬರೀಲಿ ಪಾತ್ರೆಯನ್ನೇ ಉರುಳಿಸ್ತಿದ್ದೆ."

ಮುಂದಿನ ಎರಡು ವಾರದಲ್ಲಿ ನಜ್ಮಾ ವರದಿ ಬರೆದರು. ಅದನ್ನು ಓದಿದ ದೊಡ್ಡ ಸಮಿತಿ, ಒಬ್ಬೆ ಎಂದರೆ ಗುಂಪು ತಾನೆ, ಹಾಗೆಂದೇ ಬರೆಯಬಾರದೇಕೆ ಎಂದು ಕೇಳಿತು. ನಜ್ಮಾ ಒಪ್ಪಲಿಲ್ಲ. ಗುಂಪು ಎಷ್ಟು ದೊಡ್ಡದಾದರೂ ಗುಂಪೇ. ಒಬ್ಬೆಯಲ್ಲಿ ಪಾತ್ರೆಯ ಅಳತೆಯಿದೆ, ಬೇಯುವ ಹದವಿದೆ, ಇಳಿಸುವ ಹೊತ್ತಿದೆ ಎಂದು ವಾದಿಸಿ ಆ ಪದವನ್ನೇ ಉಳಿಸಿದರು. ಇಂದು ಜಗತ್ತಿನ ಯಾವ ನಿಯಂತ್ರಣ ಕೋಣೆಗೆ ಹೋದರೂ ಗೋಡೆಯ ಮೇಲೆ ಆ ಪದ ಇದೆ, ಉಚ್ಚಾರಣೆ ಮಾತ್ರ ಕೇಳಬಾರದು. ರುದ್ರಾಣಿ ಆ ವರದಿಯನ್ನು ಓದಲಿಲ್ಲ. ಹೊಗಳಿದವರಿಗೆ ಹೂಂ ಎಂದಳು. ಅವಳ ಗುಂಗೆಲ್ಲ ಎಂಟು ಮೊರದಷ್ಟು ಮಣ್ಣಿನಲ್ಲಿತ್ತು, ಅದನ್ನು ತಿಳಿಯಲು ಹದಿನಾಲ್ಕು ದಿನ ಯಾರಿಗೂ ದೀಪ ಬೇಕಾಗಲಿಲ್ಲ.

ಹದಿನೈದನೆಯ ದಿನ, ಶುಕ್ರವಾರ ಬೆಳಿಗ್ಗೆ ಏಳೂವರೆಗೆ ಅಲ್ಲಿ ಸೂರ್ಯೋದಯ. ಪರಮೇಶಿ ಹೋಟೆಲಿಗೆ ಬೀಗ ಹಾಕಿ ಹೆಂಡತಿಯ ಜೊತೆ ಕೇಂದ್ರಕ್ಕೆ ಬಂದ. ಹನ್ನೊಂದು ವರ್ಷದಲ್ಲಿ ಹಬ್ಬ ಹುಣ್ಣಿಮೆ ಬಿಟ್ಟು ಅವನು ಬೀಗ ಹಾಕಿದ್ದು ಅದೇ ಮೊದಲು. ಕೊನೆಯ ಆರು ಗಂಟೆ ಶಕ್ತಿ ಉಳಿಸಲು ಠಾಣೆಯವರು ರೇಡಿಯೋ ಆರಿಸಿದ್ದರು. ಏಳೂವರೆಯಾಯಿತು. ಏಳೂ ಮುಕ್ಕಾಲಾಯಿತು. ಓಬಳೇಶ ಉಗುರು ಕಚ್ಚುತ್ತಿದ್ದ. ನಜ್ಮಾ ಕಣ್ಣು ಮುಚ್ಚಿಕೊಂಡು ಕೂತಿದ್ದರು.

ಎಂಟಕ್ಕೆ ಎರಡು ನಿಮಿಷವಿರುವಾಗ ಸ್ಪೀಕರು ಗರಗರ ಎಂದಿತು. ಮೊದಲು ಕೆಮ್ಮು, ಆಮೇಲೆ ಲಿಡಿಯಾ.

"ನಾಲ್ಕು ಜನವೂ ಇದ್ದೇವೆ. ಒಬ್ಬರಿಗೆ ಶೀತ, ಮತ್ತೆ ಎಂತ ಇಲ್ಲ."

ಕೋಣೆಯಲ್ಲಿ ಚಪ್ಪಾಳೆ ಎದ್ದಿತು. ರುದ್ರಾಣಿ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದಳು.

"ಮಣ್ಣು?" ಎಂದಳು.

ಎರಡೂವರೆ ಸೆಕೆಂಡು ಕಳೆಯಿತು, ಇನ್ನೂ ಎರಡೂವರೆ ಕಳೆಯಿತು. ಆ ಕಡೆ ಲಿಡಿಯಾ ಮೂಗೆಳೆದುಕೊಂಡ ಸದ್ದು ಕೇಳಿಸಿತು. ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯುವಂತಿರಲಿಲ್ಲ.

"ಮೇಲಿನ ಪದರದ ಎರೆಹುಳಗಳು ಸತ್ತಿವೆ. ಅಡಿಗೆ ಹೋಗಿ ಮುದ್ದೆ ಕಟ್ಟಿಕೊಂಡು ಕೂತದ್ದು ಉಂಟಲ್ಲ ರುದ್ರಾಣಿ, ಅವು ಇವೆ. ಈಗ ಕೈಯಲ್ಲಿ ಹಿಡಿದುಕೊಂಡಿದ್ದೇನೆ, ಆಡ್ತಾ ಉಂಟು. ನಿನಗೆ ಹೇಳುವ ಅಂತ ಎಣಿಸ್ಲಿಕ್ಕೆ ಕೂತೆ, ಅದಕ್ಕೇ ತಡವಾದದ್ದು. ನಲವತ್ತರ ನಂತರ ಲೆಕ್ಕ ತಪ್ಪಿ ಹೋಯ್ತು."

ರುದ್ರಾಣಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಮತ್ತೆ ಮೊದಲಿಂದ ಎಣಿಸಿ," ಎಂದಳು. "ನಾವು ಕಾಯ್ತೀವಿ."